ಕ್ಷಣಾರ್ಧದ ತಾಲೀಮು: ಫೈಟಿಂಗ್ ಗೇಮ್ ಅಭ್ಯಾಸ ಬೆಳೆದು ಬಂದ ದಾರಿ

ಗೆದ್ದವನು ಕೂತೇ ಇರುತ್ತಾನೆ, ಸೋತವನು ಎದ್ದು ಹೋಗುತ್ತಾನೆ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ಇಬ್ಬರು ಪರದೆಯ ಮೇಲೆ ಹೊಡೆದಾಡುವ ‘ಸ್ಟ್ರೀಟ್ ಫೈಟರ್ 2’ ಆಟವನ್ನು ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ವಿಡಿಯೊ ಗೇಮ್ ಆಡುವ ಅಂಗಡಿಗಳಿಗೆ, ತಂದಾಗ ಅಲ್ಲಿ ನಡೆಯುತ್ತಿದ್ದ ಕಟ್ಟಳೆ ಇದು. ಸೋತವನು ಮತ್ತೆ ಆಡಬೇಕೆಂದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು, ಮತ್ತೆ ನಾಣ್ಯ ಹಾಕಬೇಕು. ಹೀಗಾಗಿ ಅಭ್ಯಾಸ ಬೇರೆ, ಪಂದ್ಯ ಬೇರೆ ಎಂಬ ಭೇದಕ್ಕೆ ಆಸ್ಪದವೇ ಇರಲಿಲ್ಲ. ಹೊಸ ವರಸೆಯೊಂದನ್ನು ಪರೀಕ್ಷಿಸಿ ನೋಡುವುದೆಂದರೆ ಜೇಬಿನಲ್ಲಿದ್ದ ಕಾಸನ್ನು ಪಣಕ್ಕಿಟ್ಟಂತೆಯೇ.

ಅಲ್ಲಿಂದೀಚೆಗೆ ಮೂರು ದಶಕಗಳಲ್ಲಿ ಫೈಟಿಂಗ್ ಗೇಮ್ ಆಟಗಾರರ ಕೊರತೆಗಳು ಒಂದೊಂದಾಗಿ ನೀಗಿವೆ. ಮೊದಲು ಕಾಸಿನ ಕೊರತೆ, ಆಮೇಲೆ ಮಾಹಿತಿಯ ಕೊರತೆ, ಕೊನೆಗೆ ದೂರದ ಎದುರಾಳಿಯ ಕೊರತೆ. ಉಳಿದಿರುವುದು ಒಂದೇ: ಇಷ್ಟೆಲ್ಲ ಸಿಗುವಾಗ ಟೂರ್ನಿಗೆ ಮುನ್ನ ಯಾವುದನ್ನು ಅಭ್ಯಾಸ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ. ಇಂದಿನ ಒಳ್ಳೆಯ ಆಟಗಾರನನ್ನು ಉಳಿದವರಿಂದ ಬೇರ್ಪಡಿಸುವುದು ಬಹುಮಟ್ಟಿಗೆ ಇದೇ.

ಆರ್ಕೇಡ್ ಕಾಲದ ವಿದ್ಯೆ ಬಾಯಿಂದ ಬಾಯಿಗೆ ಹರಡಿತು. ಇಂದು ಯಾವ ಫೈಟಿಂಗ್ ಗೇಮೂ ಬಿಡಲಾರದ ‘ಕಾಂಬೋ’, ಅಂದರೆ ತಪ್ಪಿಸಿಕೊಳ್ಳಲು ಬಿಡದೆ ಒಂದರ ಬೆನ್ನಿಗೆ ಒಂದು ಏಟು ಕೊಡುವ ಸರಣಿ, ‘ಸ್ಟ್ರೀಟ್ ಫೈಟರ್ 2’ರಲ್ಲಿ ಯೋಜಿಸಿ ಇಟ್ಟದ್ದಲ್ಲ. ಕಾರು ಒಡೆಯುವ ಬೋನಸ್ ಹಂತವನ್ನು ಪರಿಶೀಲಿಸುವಾಗ ನಿರ್ಮಾಪಕ ನೊರಿತಾಕಾ ಫುನಮಿಝು ಅವರ ಕಣ್ಣಿಗೆ ಅದು ಬಿತ್ತು. ಅದನ್ನು ತೆಗೆಯದೆ ಹಾಗೆಯೇ ಉಳಿಸಿಕೊಂಡರು. ಯಾವ ಏಟಿನ ಹಿಂದೆ ಯಾವ ಏಟು ಕೂಡುತ್ತದೆ ಎಂಬುದನ್ನು ಹುಡುಕುವ ಕೆಲಸ ಆಟಗಾರರ ಪಾಲಿಗೆ ಬಂತು. ಒಂದು ಆರ್ಕೇಡಿನಲ್ಲಿ ಪತ್ತೆಯಾದ ಪಟ್ಟು ಇನ್ನೊಂದು ಊರಿಗೆ ತಲುಪಲು ಯಾರಾದರೂ ಅಲ್ಲಿಗೆ ಹೋಗಿ ಆಡಿ ತೋರಿಸಬೇಕಿತ್ತು. ಜಪಾನಿನಲ್ಲಿ ‘ಗೇಮೆಸ್ಟ್’ನಂಥ ಪತ್ರಿಕೆಗಳು ಈ ಕೆಲಸಕ್ಕೆ ನೆರವಾದವು. ಅಮೆರಿಕದಲ್ಲಿ ನ್ಯೂಯಾರ್ಕಿನ ಚೈನಾಟೌನ್ ಫೇರ್‌ನಂಥ ಆರ್ಕೇಡ್‌ಗಳೇ ಪಾಠಶಾಲೆಗಳಾದವು.

ಊರೂರಿನ ಬಲಾಬಲ ಅಳೆಯುವ ಆಸೆಯೇ ಟೂರ್ನಿಗಳಿಗೆ ಮೂಲ. 1996ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಒಂದು ಆರ್ಕೇಡಿನಲ್ಲಿ 40 ಆಟಗಾರರು ಸೇರಿ ‘ಬ್ಯಾಟಲ್ ಬೈ ದ ಬೇ’ ನಡೆಸಿದರು. 2002ರಲ್ಲಿ ಅದಕ್ಕೆ ‘ಇವೊ’ ಎಂಬ ಹೆಸರು ಬಂತು. ಇಂದು ಫೈಟಿಂಗ್ ಗೇಮ್‌ಗಳ ಲೋಕದಲ್ಲಿ ಅದಕ್ಕಿಂತ ಪ್ರತಿಷ್ಠೆಯ ವೇದಿಕೆ ಇಲ್ಲ.

ಟೂರ್ನಿಗಳು ಬೆಳೆಯುವಷ್ಟರಲ್ಲಿ ಅಭ್ಯಾಸಕ್ಕೆ ಒಂದು ಲೆಕ್ಕ ಸಿಕ್ಕಿತ್ತು. ಈ ಆಟಗಳ ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ಒಂದೊಂದು ಚಿತ್ರವೂ ಒಂದು ಫ್ರೇಮ್. ಪ್ರತಿ ಏಟಿಗೂ ಮೂರು ಘಟ್ಟಗಳಿವೆ: ಕೈ ಬೀಸಲು ಹಿಡಿಯುವ ಹೊತ್ತು, ತಾಗುವ ಹೊತ್ತು, ಕೈ ಹಿಂದಕ್ಕೆ ಬಂದು ಸಾವರಿಸಿಕೊಳ್ಳುವ ಹೊತ್ತು. ಎದುರಾಳಿಯ ಏಟನ್ನು ತಡೆದ ಮೇಲೆ ಅವನು ಸಾವರಿಸಿಕೊಳ್ಳಲು ನಮಗಿಂತ 6 ಫ್ರೇಮ್ ಹೆಚ್ಚು ತೆಗೆದುಕೊಂಡರೆ, 5 ಫ್ರೇಮ್‌ನಲ್ಲಿ ತಾಗುವ ನಮ್ಮ ಗುದ್ದು ಅವನಿಗೆ ಬಿದ್ದೇ ಬೀಳುತ್ತದೆ. ‘ಅದೃಷ್ಟ ಸರಿಯಿರಲಿಲ್ಲ’ ಎಂದು ಮರೆತುಬಿಡುತ್ತಿದ್ದ ಸೋಲುಗಳಿಗೆ ಈ ಅಂಕಿಗಳು ಕಾರಣ ಒದಗಿಸಿದವು. ಮನೆಯ ಕನ್ಸೋಲ್‌ಗಳಲ್ಲಿ ಬಂದ ಟ್ರೇನಿಂಗ್ ಮೋಡ್ ಆ ಅಂಕಿಗಳನ್ನು ಬೆರಳಿಗೆ ಇಳಿಸಿತು. ಅಲ್ಲಿ ಎದುರಾಳಿ ಒಂದು ಗೊಂಬೆ, ಏಟು ತಿಂದಷ್ಟೂ ಎದ್ದು ನಿಲ್ಲುತ್ತದೆ, ನಾಣ್ಯ ಕೇಳುವುದಿಲ್ಲ. 2003ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ಸೆಗಾದ ‘ವರ್ಚುವಾ ಫೈಟರ್ 4 ಎವಲ್ಯೂಷನ್’ ಹೊಸಬರಿಗೂ ಪಾಠ ಹೇಳಿಕೊಡುವ ಅದರ ಅಭ್ಯಾಸ ವಿಭಾಗಕ್ಕಾಗಿಯೇ ಹೆಸರಾಯಿತು.

2004ರ ಇವೊ ಟೂರ್ನಿಯಲ್ಲಿ ಜಗತ್ತು ಕಂಡದ್ದು ಇಂಥ ಅಭ್ಯಾಸದ ಫಲ. ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಪಂದ್ಯದಲ್ಲಿ ಜಪಾನಿನ ದೈಗೊ ಉಮೆಹರಾ ಅವರ ಕೆನ್ ಪಾತ್ರಕ್ಕೆ ಪ್ರಾಣ ಕೂದಲೆಳೆಯಷ್ಟೇ ಉಳಿದಿತ್ತು. ಅಮೆರಿಕದ ಜಸ್ಟಿನ್ ವಾಂಗ್ ತಮ್ಮ ಚುನ್-ಲೀ ಪಾತ್ರದ ದೊಡ್ಡ ಅಸ್ತ್ರ ಬಿಟ್ಟರು: ಬೆನ್ನುಬೆನ್ನಿಗೆ ಬರುವ ಒದೆತಗಳ ಸುರಿಮಳೆ. ಸುಮ್ಮನೆ ತಡೆದರೂ ಸವೆದು ಸಾಯುವ ಸ್ಥಿತಿ. ಬಚಾವಾಗಲು ‘ಪ್ಯಾರಿ’ಯೇ ದಾರಿ, ಅಂದರೆ ಪ್ರತಿ ಒದೆತ ತಾಗುವ ಹೊತ್ತಿಗೆ ಸರಿಯಾಗಿ ಜಾಯ್‌ಸ್ಟಿಕ್ಕನ್ನು ಎದುರಾಳಿಯ ಕಡೆಗೇ ತಳ್ಳಬೇಕು. ಬೇಗ ತಳ್ಳಿದರೂ ಸಾವು, ತಡವಾದರೂ ಸಾವು. ದೈಗೊ 15 ಒದೆತಗಳನ್ನೂ ಹಾಗೆಯೇ ವಿಫಲಗೊಳಿಸಿದರು, ಕೊನೆಯದನ್ನು ಗಾಳಿಯಲ್ಲಿ ಎಗರಿ. ನೆಲಕ್ಕೆ ಇಳಿದವರೇ ತಿರುಗಿ ಹೊಡೆದು ಗೆದ್ದರು. ಸಭಾಂಗಣ ಕೂಗಿ ಎದ್ದು ನಿಂತಿತು. ಆ ಟೂರ್ನಿಯ ಫೈನಲ್‌ನಲ್ಲಿ ದೈಗೊ ಸೋತರೂ ಜನ ನೆನಪಿಟ್ಟುಕೊಂಡದ್ದು ಈ ಕ್ಷಣವನ್ನೇ. ಇವೊ ಆರ್ಕೇಡ್ ಯಂತ್ರಗಳನ್ನು ಬಿಟ್ಟು ಕನ್ಸೋಲ್‌ಗಳಿಗೆ ಹೊರಳಿದ್ದೂ ಅದೇ ವರ್ಷ. ಮನೆಯಲ್ಲಿ ಕೂತು ಕೈ ಪಳಗಿಸಿಕೊಂಡ ಯಂತ್ರದಲ್ಲೇ ಟೂರ್ನಿ ಆಡುವ ಕಾಲ ಬಂತು.

ಆದರೂ ಮನೆಯಲ್ಲಿ ಜೀವಂತ ಎದುರಾಳಿ ಇರಲಿಲ್ಲ. ಇಂಟರ್‌ನೆಟ್ ಬಂದ ಮೊದಲ ವರ್ಷಗಳಲ್ಲಿ ದೂರದವರೊಂದಿಗೆ ಆಡಬಹುದಿತ್ತಾದರೂ, ಎರಡೂ ಕಡೆಯ ಸಂಕೇತ ಬರುವ ತನಕ ಆಟ ಕಾಯುತ್ತಿದ್ದುದರಿಂದ ಗುಂಡಿ ಒತ್ತಿ ಸ್ವಲ್ಪ ಹೊತ್ತಿನ ಮೇಲೆ ಏಟು ಹೊರಡುತ್ತಿತ್ತು. ಒಂದೆರಡು ಫ್ರೇಮ್‌ಗಳೇ ನಿರ್ಣಾಯಕವಾದ ಆಟಕ್ಕೆ ಇದು ಅಭ್ಯಾಸವಲ್ಲ, ಕೈ ಕೆಡಿಸಿಕೊಳ್ಳುವ ದಾರಿ. ಇವೊ ಸ್ಥಾಪಕರಲ್ಲಿ ಒಬ್ಬರಾದ ಟೋನಿ ಕ್ಯಾನನ್ ರೂಪಿಸಿದ ‘ಜಿಜಿಪಿಒ’ ಎಂಬ ವ್ಯವಸ್ಥೆ ಬೇರೆ ಉಪಾಯ ಹೂಡಿತು. ಎದುರಾಳಿ ಏನು ಒತ್ತಬಹುದೆಂದು ಅದು ಊಹಿಸಿ ಆಟವನ್ನು ನಡೆಸುತ್ತಲೇ ಇರುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ಸರಿಪಡಿಸಿಕೊಳ್ಳುತ್ತದೆ. ‘ರೋಲ್‌ಬ್ಯಾಕ್’ ಎಂದು ಹೆಸರಾದ ಈ ತಂತ್ರ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಮರುವರ್ಷ ಕೋವಿಡ್‌ನಿಂದ ಇವೊ ರದ್ದಾಯಿತು, ಮುಖಾಮುಖಿ ಆಟಗಳು ನಿಂತವು. ಆಗ ರೋಲ್‌ಬ್ಯಾಕ್ ಇಲ್ಲದ ಹೊಸ ಆಟವನ್ನು ಆಟಗಾರರು ಒಪ್ಪದಾದರು. 2021ರ ‘ಗಿಲ್ಟಿ ಗಿಯರ್ ಸ್ಟ್ರೈವ್’, 2023ರ ‘ಸ್ಟ್ರೀಟ್ ಫೈಟರ್ 6’ ಎರಡರಲ್ಲೂ ಅದು ಮೊದಲ ದಿನದಿಂದಲೇ ಇತ್ತು.

ಹೀಗೆ ಸಲಕರಣೆಗಳೇ ಎಲ್ಲವನ್ನೂ ತೀರ್ಮಾನಿಸುತ್ತವೆ ಎಂದು ನಂಬಿದವರಿಗೆ ಉತ್ತರ ಸಿಕ್ಕಿದ್ದು ಪಾಕಿಸ್ತಾನದ ಲಾಹೋರಿನಿಂದ. 2019ರ ಫೆಬ್ರವರಿಯಲ್ಲಿ ಅರ್ಸಲಾನ್ ಸಿದ್ದಿಕ್ ಎಂಬ ತರುಣ ವೀಸಾ ತೊಡಕುಗಳನ್ನು ದಾಟಿ ಜಪಾನಿಗೆ ಬಂದು ‘ಟೆಕ್ಕೆನ್ 7’ರ ಇವೊ ಜಪಾನ್ ಪ್ರಶಸ್ತಿ ಗೆದ್ದರು. ‘ಅರ್ಸಲಾನ್ ಆಶ್’ ಎಂಬ ಆಟದ ಹೆಸರಿನ ಅವರು ಅದೇ ವರ್ಷ ಲಾಸ್ ವೇಗಸ್ಸಿನ ಇವೊ ಫೈನಲ್‌ನಲ್ಲಿ ಕೊರಿಯಾದ ದಿಗ್ಗಜ ಬೇ ಜೇ-ಮಿನ್ ಅವರನ್ನೂ ಸೋಲಿಸಿದರು. ತಮ್ಮ ದೇಶದಲ್ಲಿ ಬಲಿಷ್ಠ ಆಟಗಾರರು ಇನ್ನೂ ಇದ್ದಾರೆ ಎಂದರು. ‘ನೀ’ ಎಂದೇ ಖ್ಯಾತರಾದ ಬೇ ಜೇ-ಮಿನ್ ಆ ಮಾತನ್ನು ಹಗುರವಾಗಿ ಕಾಣದೆ ಪಾಕಿಸ್ತಾನಕ್ಕೇ ಹೋಗಿ ಅಲ್ಲಿಯವರೊಂದಿಗೆ ಆಡಿ ಬಂದರು. 2022ರ ಟೆಕ್ಕೆನ್ ವಿಶ್ವ ಪ್ರವಾಸದ ಫೈನಲ್ಸ್ ಗೆದ್ದದ್ದು ಮತ್ತೊಬ್ಬ ಪಾಕಿಸ್ತಾನಿ, ಆತಿಫ್ ಬಟ್. ಒಂದೇ ಕೋಣೆಯಲ್ಲಿ ದಿನವೂ ಒಬ್ಬರನ್ನೊಬ್ಬರು ಎದುರಿಸಿ, ಸೋತ ಕಾರಣವನ್ನು ಅಲ್ಲೇ ಚರ್ಚಿಸಿ ಬೆಳೆದ ಬಳಗ ಅದು. ಗರಡಿಯಲ್ಲಿ ಸಾಮು ಎಷ್ಟು ಮಾಡಿದರೂ ಜೋಡಿ ಹಿಡಿಯದೆ ಪೈಲ್ವಾನ ಆಗುವುದಿಲ್ಲ ಎಂಬುದು ಇಲ್ಲಿಗೂ ಸಲ್ಲುತ್ತದೆ.

ಇಂದಿನ ತಾಲೀಮು ಹೇಗಿರುತ್ತದೆ ಎಂಬುದಕ್ಕೆ ‘ಸ್ಟ್ರೀಟ್ ಫೈಟರ್ 6’ರ ‘ಡ್ರೈವ್ ಇಂಪ್ಯಾಕ್ಟ್’ ಒಳ್ಳೆಯ ಉದಾಹರಣೆ. ನಮ್ಮ ಏಟನ್ನು ನುಂಗಿಕೊಂಡು ಮುನ್ನುಗ್ಗುವ ಈ ದಾಳಿ ತಾಗಲು 26 ಫ್ರೇಮ್ ಹಿಡಿಯುತ್ತದೆ, ಅರ್ಧ ಸೆಕೆಂಡಿಗಿಂತ ಕಡಿಮೆ. ಅದನ್ನು ಕಂಡ ಕೂಡಲೇ ನಾವೂ ಡ್ರೈವ್ ಇಂಪ್ಯಾಕ್ಟ್ ಮಾಡಿದರೆ ಎದುರಾಳಿ ಕುಸಿಯುತ್ತಾನೆ. ಅದೊಂದನ್ನೇ ಕಾಯುತ್ತ ಕೂತರೆ ಇದು ಯಾರಿಗೂ ಸುಲಭ. ಪಂದ್ಯದಲ್ಲಿ ಮನಸ್ಸು ಬೇರೆಡೆ ಇರುತ್ತದೆ. ಆದ್ದರಿಂದ ಅನುಭವಿಗಳು ಟ್ರೇನಿಂಗ್ ಮೋಡ್‌ನ ಗೊಂಬೆಗೆ ಹಲವು ಚಲನೆಗಳನ್ನು ರೆಕಾರ್ಡ್ ಮಾಡುತ್ತಾರೆ: ಒಂದರಲ್ಲಿ ಡ್ರೈವ್ ಇಂಪ್ಯಾಕ್ಟ್, ಒಂದರಲ್ಲಿ ಜಿಗಿತ, ಒಂದರಲ್ಲಿ ಓಡಿ ಬರುವುದು, ಒಂದರಲ್ಲಿ ಸುಮ್ಮನೆ ನಿಲ್ಲುವುದು. ಯಾವುದು ಯಾವಾಗ ಎಂದು ಗೊತ್ತಾಗದಂತೆ ಅವನ್ನು ಬೆರೆಸಿ ಓಡಿಸುತ್ತಾರೆ. ತಾವು ಪಂದ್ಯದಲ್ಲಿ ಆಡುವಂತೆಯೇ ಹಿಂದೆ ಮುಂದೆ ಸರಿಯುತ್ತ, ಒದೆಯುತ್ತ ಪ್ರತಿಯೊಂದಕ್ಕೂ ಸರಿಯಾದ ಉತ್ತರ ಕೊಡಲು ಯತ್ನಿಸುತ್ತಾರೆ. ಇಲ್ಲಿ ಪಳಗುವುದು ಬೆರಳಿಗಿಂತ ಗಮನ.

2024ರ ‘ಟೆಕ್ಕೆನ್ 8’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೋತ ಪಂದ್ಯದ ರಿಪ್ಲೇಯನ್ನು ನಡುವೆಯೇ ನಿಲ್ಲಿಸಿ, ತಪ್ಪಿದ ಆ ಕ್ಷಣದಿಂದ ಮತ್ತೆ ಆಡಿ ನೋಡಬಹುದು. ಆಟಗಾರರ ಚಾಳಿಯನ್ನು ಕಲಿತು ಅವರಂತೆಯೇ ಆಡುವ ಎಐ ‘ಭೂತ’ವೂ ಅದರಲ್ಲಿದೆ.

ಟೂರ್ನಿಯ ಸ್ವರೂಪವೂ ಅಭ್ಯಾಸವನ್ನು ತಿದ್ದುತ್ತದೆ. ಇವೊದಲ್ಲಿ ಎರಡು ಬಾರಿ ಸೋತವರು ಹೊರಗೆ. ಆರಂಭದ ಸುತ್ತುಗಳಲ್ಲಿ ಮೂರರಲ್ಲಿ ಎರಡು ಆಟ ಗೆದ್ದರೆ ಪಂದ್ಯ ಮುಗಿಯಿತು. ಅಪರಿಚಿತನ ಚಾಳಿ ಅರಿಯಲು ಸಿಗುವುದು ಕೆಲವೇ ನಿಮಿಷ. ಅಲ್ಲಿ ಬೇಕಾದದ್ದು ಎಲ್ಲ ಪಾತ್ರಗಳ ವಿರುದ್ಧವೂ ತಕ್ಕಮಟ್ಟಿನ ತಯಾರಿ. ಹತ್ತು ಆಟ ಮೊದಲು ಗೆದ್ದವರದೇ ಜಯ ಎಂಬ ಜೋಡಿ ಪಂದ್ಯಗಳಲ್ಲಾದರೆ ಒಬ್ಬನೇ ಎದುರಾಳಿಯನ್ನು ಆಳವಾಗಿ ಓದಬೇಕು. 2013ರಲ್ಲಿ ಕೊರಿಯಾದ ‘ಇನ್‌ಫಿಲ್ಟ್ರೇಷನ್’ ಎಂಬ ಆಟದ ಹೆಸರಿನ ಆಟಗಾರನ ವಿರುದ್ಧ ದೈಗೊ 10–2ರಿಂದ ಗೆದ್ದದ್ದು ಅಂಥ ತಯಾರಿಗೆ ಮಾದರಿ ಎಂದು ಆಟಗಾರರು ಈಗಲೂ ಹೇಳುತ್ತಾರೆ.

ವಯಸ್ಸಾದರೆ ಪ್ರತಿಕ್ರಿಯೆ ಕುಂದುತ್ತದೆ, ಇದು ಹುಡುಗರ ಆಟ ಎಂಬ ಮಾತೂ ಈಗ ನಿಲ್ಲುವುದಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ‘ಸ್ಟ್ರೀಟ್ ಫೈಟರ್ 5’ರ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ. ಅವರ ದೇಶದ ಇತರ ಆಟಗಾರರು ಸ್ಪರ್ಧಿಗಳೆಂಬುದನ್ನು ಬದಿಗಿಟ್ಟು ತಾಲೀಮಿನ ಜೋಡಿಗಳಾಗಿ ಅವರನ್ನು ಸಿದ್ಧಗೊಳಿಸಿದ್ದರು. ಅದೇ ಕಣದಲ್ಲಿ ಭಾರತದ ಮಯಾಂಕ್ ಪ್ರಜಾಪತಿ ಮತ್ತು ಅಯಾನ್ ಬಿಸ್ವಾಸ್ ಕೂಡ ಇದ್ದರು. 2026ರ ಐಚಿ-ನಗೋಯಾ ಏಷ್ಯನ್ ಗೇಮ್ಸ್‌ಗೆ ‘ಸ್ಟ್ರೀಟ್ ಫೈಟರ್ 6’, ‘ಟೆಕ್ಕೆನ್ 8’ ಮತ್ತು ‘ಕಿಂಗ್ ಆಫ್ ಫೈಟರ್ಸ್ 15’ ಮೂರನ್ನೂ ಕೂಡಿಸಿ ಒಂದೇ ಸ್ಪರ್ಧೆಯಾಗಿ ಗೊತ್ತುಪಡಿಸಲಾಗಿದೆ. ಮೂರೂ ಆಟಗಳ ಲಯ ಬೇರೆ, ಗುಂಡಿಗಳ ವಿನ್ಯಾಸ ಬೇರೆ, ಪರಿಣತರೂ ಬೇರೆ. ಅವರನ್ನೆಲ್ಲ ಒಂದೇ ಶಿಬಿರದಲ್ಲಿ ಕೂಡಿಸಿ ತಯಾರು ಮಾಡುವ ಹೊಣೆ ಈಗ ದೇಶದೇಶಗಳ ತರಬೇತುದಾರರ ಮುಂದಿದೆ.