ಚೌಕಟ್ಟಿನ ಬೆನ್ನು: ಬೆಳಗಾವಿ ಮತ್ತು ಖಾನಾಪುರದ ಮನೆಗಳಲ್ಲಿ ಮುದ್ರಿತ ಚಿತ್ರಗಳ ಸಂರಕ್ಷಣೆ

ಪ್ರವೇಶ

ಬೆಳಗಾವಿ ನಗರ ಮತ್ತು ಖಾನಾಪುರ ತಾಲೂಕಿನ ಹಳೆಯ ಮನೆಗಳ ಪಡಸಾಲೆ, ದೇವರ ಕೋಣೆಗಳಲ್ಲಿ ತೂಗುವ ಬಣ್ಣದ ಮುದ್ರಣಗಳ ಬಗ್ಗೆ ನಡೆದ ಚರ್ಚೆ ಬಹುಪಾಲು ಅವುಗಳ ಮುಖಕ್ಕೆ ಸೀಮಿತವಾಗಿದೆ. ಚಿತ್ರ ಯಾರದು, ಅಚ್ಚು ಯಾವ ಮುದ್ರಣಾಲಯದ್ದು, ವಸ್ತು ಯಾವ ಪುರಾಣದ್ದು ಎಂಬುದೇ ಪ್ರಶ್ನೆ. ಆದರೆ ಚಿತ್ರ ಉಳಿಯುವುದೋ ಹಾಳಾಗುವುದೋ ಎಂಬುದು ಹೆಚ್ಚಾಗಿ ಅದರ ಬೆನ್ನಿನ ಕಡೆ, ಅಂದರೆ ಹಿಂಬದಿಯ ಹಲಗೆ, ಅಂಟು, ಗೋಡೆ ಮತ್ತು ನಡುವಿನ ಗಾಳಿಯಲ್ಲಿ ತೀರ್ಮಾನವಾಗುತ್ತದೆ ಎಂಬುದು ಈ ಲೇಖನದ ವಾದ.

ಚಿತ್ರಗಳು ಬಂದ ದಾರಿ

ಬೆಳಗಾವಿ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಜಿಲ್ಲೆ. ಇಂದು ನಗರದ ಭಾಗವಾಗಿರುವ ಶಹಾಪುರ ಆಗ ಸಾಂಗಲಿ ಸಂಸ್ಥಾನದ್ದು. ಪುಣೆಯಲ್ಲಿ 1878ರಲ್ಲಿ ಆರಂಭವಾದ ಚಿತ್ರಶಾಳಾ ಮುದ್ರಣಾಲಯವಾಗಲಿ, ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದು ಮುಂದೆ ಲೋಣಾವಳದ ಬಳಿಯ ಮಳವಲಿಗೆ ಸಾಗಿಸಿದ ಮುದ್ರಣಾಲಯವಾಗಲಿ ಈ ಭಾಗಕ್ಕೆ ಪರದೇಶವಾಗಿರಲಿಲ್ಲ. ಪುಣೆ, ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಒಂದೇ ರೈಲುಮಾರ್ಗ ಜೋಡಿಸಿತ್ತು. ರವಿವರ್ಮ ಮುದ್ರಣಾಲಯ ಬಳಿಕ ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಕೈಗೆ ಹೋಯಿತು. ಮಳವಲಿಯ ಕಾರ್ಖಾನೆ 1972ರ ಬೆಂಕಿಯಲ್ಲಿ ನಾಶವಾಯಿತು. ಹೀಗಾಗಿ ಮನೆಗಳಲ್ಲಿ ಉಳಿದ ಪ್ರತಿಗಳೇ ಆ ಮುದ್ರಣಾಲಯದ ಕೆಲಸಕ್ಕೆ ಮುಖ್ಯ ಸಾಕ್ಷಿ.

ಕಾಗದದ ಗುಣ

ಈ ಚಿತ್ರಗಳು ಕಲ್ಲಚ್ಚಿನವು. ಬಣ್ಣಕ್ಕೊಂದು ಕಲ್ಲು ಸಿದ್ಧಪಡಿಸಿ, ಒಂದರ ಮೇಲೊಂದು ಬಣ್ಣ ಒತ್ತಿ, ತೈಲಚಿತ್ರದ ಹೊಳಪು ಬರಲೆಂದು ಕೊನೆಗೆ ವಾರ್ನಿಶ್ ಹಚ್ಚುತ್ತಿದ್ದರು. ಆ ಕಾಲದ ಅಗ್ಗದ ಕಾಗದ ಮರದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಮತ್ತು ಕಾಗದಕ್ಕೆ ಬಿಗಿ ಬರಲೆಂದು ಹಾಕುತ್ತಿದ್ದ ರಾಳ, ಪಟಿಕಗಳಿಂದ ಕಾಲಕ್ರಮೇಣ ಆಮ್ಲ ಹೆಚ್ಚಿ ಹಾಳೆ ಕಂದಾಗಿ ಪುಡಿಪುಡಿಯಾಗುತ್ತದೆ. ತೇವ ಕುಡಿದ ಕಾಗದ ಹಿಗ್ಗುತ್ತದೆ. ಮೇಲಿನ ವಾರ್ನಿಶ್ ಅಷ್ಟು ಹಿಗ್ಗದೆ ಬಿರುಕು ಬಿಡುತ್ತದೆ. ನಾಲ್ಕೂ ಕಡೆ ಬಿಗಿದ ಹಾಳೆಗೆ ಹಿಗ್ಗಲು ಜಾಗವಿಲ್ಲದಿದ್ದರೆ ಅಲೆಯಲೆಯಾಗಿ ಉಬ್ಬಿ ಗಾಜಿಗೆ ತಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದನ್ನು ಕಿತ್ತರೆ ಬಣ್ಣ ಗಾಜಿನ ಮೇಲೆಯೇ ಉಳಿಯುತ್ತದೆ.

ಹಳೆಯ ಚೌಕಟ್ಟೊಂದನ್ನು ಹಿಂದಿನಿಂದ ಬಿಚ್ಚಿದರೆ ಬೆನ್ನಿನ ಕಡೆಯಿಂದ ಬರುವ ಹಾನಿಯ ಪುರಾವೆ ಪದರುಪದರಾಗಿ ಸಿಗುತ್ತದೆ: ತುಕ್ಕು ಹಿಡಿದ ಮೊಳೆ, ತೆಳು ಮರದ ಪಟ್ಟಿಗಳು, ಕಂದಿದ ವರ್ತಮಾನಪತ್ರಿಕೆ, ಆಮೇಲೆ ಚಿತ್ರ. ಎರಡು ಪಟ್ಟಿಗಳ ನಡುವೆ ಸಂದು ಇದ್ದಲ್ಲಿ ಹಾಳೆಯ ಬೆನ್ನ ಮೇಲೆ ಅಷ್ಟೇ ಅಗಲದ ಕಂದು ಗೆರೆ ಮೂಡಿರುತ್ತದೆ. ಮರದ ಗಂಟಿದ್ದಲ್ಲಿ ಕಂದು ಕಲೆ. ಕೆಲವೊಮ್ಮೆ ಅದೇ ಗೆರೆ ಲಕ್ಷ್ಮಿಯ ಮುಖದ ಮೇಲೂ ಹಾಯ್ದಿರುತ್ತದೆ. ಇದನ್ನು ಬಿಸಿಲಿನ ಕಲೆ ಎನ್ನುವುದುಂಟು, ಆದರೆ ಮೂಲ ಹಿಂದಿನ ಹಲಗೆಯಲ್ಲಿದೆ.

ಎರಡು ಊರು, ಎರಡು ಹವೆ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಆದರೆ ಪಶ್ಚಿಮಕ್ಕೆ ಹೋದಂತೆ ಮಳೆ ಬೇಗ ಬೇಗ ಏರುತ್ತದೆ. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಗೆ ಬಂದರೆ ನಗರದ ಮಳೆಯ ಹಲವು ಪಟ್ಟು. ಸಾಪೇಕ್ಷ ಆರ್ದ್ರತೆ ಶೇ. 65–70 ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಖಾನಾಪುರದ ಕಡೆ ಆ ಮಿತಿ ಇಡೀ ಮಳೆಗಾಲ ದಾಟಿರುತ್ತದೆ. ಮಣ್ಣಿನ ಮತ್ತು ಜಂಬಿಟ್ಟಿಗೆ ಗೋಡೆಗಳು ನೆಲದ ನೀರನ್ನು ಮೇಲಕ್ಕೆ ಎಳೆಯುತ್ತವೆ. ಪಡುವಣ ಗೋಡೆಗೆ ಇರಚಲು ನೇರವಾಗಿ ಹೊಡೆಯುತ್ತದೆ. ನಗರದಲ್ಲಿ ತೊಂದರೆ ಬೇರೆ. ಮಳೆಗಾಲದ ತಂಪು, ಬೇಸಿಗೆಯ ಒಣಹವೆಗಳ ನಡುವಿನ ಏರಿಳಿತಕ್ಕೆ ಸಿಕ್ಕ ಕಾಗದ ವರ್ಷವರ್ಷವೂ ಹಿಗ್ಗಿ ಕುಗ್ಗಿ ಬಳಲುತ್ತದೆ.

ಚಿತ್ರಶಾಲೆಗಳಲ್ಲಿ ಕಾಗದದ ಕೃತಿಗಳಿಗೆ ಶೇ. 50ರ ಆಸುಪಾಸಿನ ಆರ್ದ್ರತೆ, ಸುಮಾರು 50 ಲಕ್ಸ್ ಬೆಳಕು ಇಡುವುದು ರೂಢಿ. ಹೆಂಚಿನ ಮನೆಯಲ್ಲಿ ಇದು ಆಗದ ಮಾತು. ಆಗುವುದು ಗೋಡೆಯ ಆಯ್ಕೆ. ಹೊರಗೋಡೆ ಬಿಟ್ಟು ಒಳಗೋಡೆಗೆ ತೂಗುಹಾಕಬೇಕು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬೆರಳು ದಪ್ಪದ ಬಿರಡೆ ಅಥವಾ ಮರದ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಹಳೆಯ ಕಾಲದಲ್ಲಿ ಪಟಗಳನ್ನು ಮುಂದಕ್ಕೆ ಬಾಗಿಸಿ ತೂಗುತ್ತಿದ್ದುದರಿಂದ ಮೇಲ್ಭಾಗಕ್ಕೆ ಗಾಳಿ ದೊರೆಯುತ್ತಿತ್ತು, ಗೋಡೆಗೆ ತಾಗಿದ ಕೆಳ ಅಂಚಿಗೆ ದೊರೆಯುತ್ತಿರಲಿಲ್ಲ. ತೇವದ ಕಲೆ ಕೆಳಗಿನಿಂದ ಏರುವುದಕ್ಕೆ ಇದೂ ಒಂದು ಕಾರಣ.

ಪೂಜೆ ಮತ್ತು ಪಟ

ಇವು ಪೂಜೆಗೊಳ್ಳುವ ಚಿತ್ರಗಳು. ದೀಪದ ಎಣ್ಣೆ ಜಿಡ್ಡು, ಕರ್ಪೂರದ ಮಸಿ, ಅರಿಷಿಣ ಕುಂಕುಮ, ಹಸಿ ಹೂವಿನ ಹಾರ ಎಲ್ಲವೂ ಗಾಜಿನ ಮೇಲೆ ಬಿದ್ದರೆ ಅಪಾಯ ಕಡಿಮೆ. ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ನೀರು ಅಂಚಿನ ಸಂದಿನಲ್ಲಿ ಇಳಿಯುವುದೇ ಹೆಚ್ಚಿನ ಅಪಾಯ. ಕೆಲವು ಪ್ರತಿಗಳಿಗೆ ಜರಿ, ಚಮಕಿ ಅಂಟಿಸಿ ಸೀರೆ ಉಡಿಸಿದ್ದುಂಟು. ಅದೂ ಇತಿಹಾಸವೇ, ಕೊಳೆಯೆಂದು ಕೀಳಬಾರದು. ಇನ್ನೊಂದು ಸಂಗತಿ: ಗಾಜು ಒಡೆದರೆ ಪಟ ಭಿನ್ನವಾಯಿತೆಂದು ಅರಳಿಕಟ್ಟೆಗೆ ಇಡುವ, ಹೊಳೆಗೆ ಬಿಡುವ ರೂಢಿಯಿದೆ. ಚಿತ್ರಕ್ಕೆ ಏನೂ ಆಗದೆ ಗಾಜಿನ ತಪ್ಪಿಗೆ ಚಿತ್ರವೂ ಹೋಗುತ್ತದೆ. ಬಿರುಕು ಕಂಡೊಡನೆ ಗಾಜು ಬದಲಿಸುವುದು ಇಲ್ಲಿ ಸಂರಕ್ಷಣೆಯ ಮೊದಲ ಹೆಜ್ಜೆ.

ಬೂಷ್ಟು ಕಂಡಾಗ ಪಟವನ್ನು ಬಿಸಿಲಿಗೆ ಇಡಬಾರದು, ಬಣ್ಣ ಮಂಕಾಗುತ್ತದೆ. ಬೇರೆ ಕಾಗದಗಳಿಂದ ದೂರವಿಟ್ಟು ನೆರಳಿನ ಗಾಳಿಯಲ್ಲಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಜಾಡಿಸಬೇಕು. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ. ಸೆಲೋಟೇಪು, ಫೆವಿಕಾಲ್, ಲ್ಯಾಮಿನೇಶನ್ ಮೂರೂ ಹಿಂತಿರುಗಿ ಬಿಡಿಸಲಾಗದ ಕೆಲಸ. ಗಾಜಿಗೆ ಅಂಟಿದ, ಪುಡಿಯಾಗುತ್ತಿರುವ ಪ್ರತಿಗಳನ್ನು ಮನೆಯಲ್ಲಿ ಮುಟ್ಟದೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಇಂಟ್ಯಾಕ್ ಕಲಾ ಸಂರಕ್ಷಣಾ ಕೇಂದ್ರದಂಥಲ್ಲಿ ತೋರಿಸುವುದು ಲೇಸು.

ಫಲಿತ

ನವರಾತ್ರಿಯ ಮುಂಚೆ ಮನೆ ಸಾರಿಸಿ ಸುಣ್ಣ ಹಚ್ಚುವಾಗ ಪಟಗಳನ್ನು ಇಳಿಸುವುದು ಈ ಭಾಗದ ವಾಡಿಕೆ. ಬೆನ್ನು ಪರೀಕ್ಷಿಸಲು ಅದೇ ತಕ್ಕ ಹೊತ್ತು. ಬಿಚ್ಚಿ ಹೊಸದಾಗಿ ಕಟ್ಟುವುದನ್ನು ಮಾತ್ರ ದೀಪಾವಳಿ ದಾಟಿ ಹವೆ ಒಣಗುವವರೆಗೆ ತಡೆಯಬೇಕು. ಆಗ ಮರದ ಪಟ್ಟಿ, ಪತ್ರಿಕೆಗಳನ್ನು ತೆಗೆದು ಆಮ್ಲರಹಿತ ಬೋರ್ಡು ಹಾಕಿ, ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಇಟ್ಟು ಅಂತರ ಕಾಯಬೇಕು. ಈ ಕೆಲಸ ಮಾಡುವವರು ಕಲಾತಜ್ಞರಲ್ಲ, ಪೇಟೆಯ ಫ್ರೇಮಿನ ಅಂಗಡಿಯವರು. ಚಿತ್ರದ ಆಯುಷ್ಯ ಬೆನ್ನಿನಲ್ಲಿದೆ ಎಂದಾದರೆ, ಅದು ಇರುವುದು ಅವರ ಕೈಯಲ್ಲಿ. ಸಂರಕ್ಷಣೆಯ ತರಬೇತಿ ವಸ್ತುಸಂಗ್ರಹಾಲಯಗಳ ಸಿಬ್ಬಂದಿಗೆ ನಿಲ್ಲದೆ ಆ ಅಂಗಡಿಗಳಿಗೂ ತಲುಪಬೇಕು.