ಹಾಯಿದೋಣಿಯ ತಂಪುಪೆಟ್ಟಿಗೆ ಮತ್ತು ಮೈಸೂರಿನ ಪೊಟ್ಟಣ

1833ರ ಮೇ ತಿಂಗಳಲ್ಲಿ ಬಾಸ್ಟನ್ ಬಿಟ್ಟ ‘ಟಸ್ಕನಿ’ ಎಂಬ ಹಾಯಿಹಡಗು ಸೆಪ್ಟೆಂಬರ್‌ನಲ್ಲಿ ಕಲ್ಕತ್ತೆ ಮುಟ್ಟಿತು. ಹೇರಿದ್ದು ಸುಮಾರು 180 ಟನ್ ಮಂಜುಗಡ್ಡೆ. ನಾಲ್ಕು ತಿಂಗಳ ದಾರಿಯಲ್ಲಿ ಭೂಮಧ್ಯರೇಖೆಯನ್ನು ಎರಡು ಸಲ ದಾಟಿ ಬಂದರೂ ಸುಮಾರು ನೂರು ಟನ್ ಉಳಿದಿತ್ತು. ತಂಪು ಮಾಡುವ ಯಂತ್ರವೊಂದೂ ಹಡಗಿನಲ್ಲಿರಲಿಲ್ಲ; ಹೊರಗಿನ ಶಾಖವನ್ನು ತಡೆದ ದಪ್ಪ ಹೊದಿಕೆಯೇ ಎಲ್ಲ. ದೂರ ಸಾಗುವ ಹಾಯಿದೋಣಿಗೆ ಫ್ರಿಜ್ ಆರಿಸಲು ಹೊರಟವರು ಕಂಪ್ರೆಸರ್‌ಗಳ ಬೆಲೆಪಟ್ಟಿ ನೋಡುವ ಮುಂಚೆ ಈ ಪ್ರಯಾಣವನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

ನಮ್ಮ ಮಂಗಳೂರು, ಮಲ್ಪೆಯ ದಕ್ಕೆಗಳಲ್ಲಿ ಇಂದಿಗೂ ಮಂಜುಗಡ್ಡೆಯದೇ ರಾಜ್ಯ. ಐಸ್ ಪ್ಲಾಂಟಿನ ಗಡ್ಡೆಯನ್ನು ಪುಡಿ ಮಾಡಿ ತುಂಬಿಕೊಂಡು ಬೋಟುಗಳು ಆಳಸಮುದ್ರಕ್ಕೆ ಇಳಿಯುತ್ತವೆ. ಕೆಡುವ ಭಾಗವಿಲ್ಲ, ಬ್ಯಾಟರಿ ಬೇಡ. ಒಂದು ಕಿಲೋ ಮಂಜು ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಹೊರಗೆ 32 ಡಿಗ್ರಿ, ಒಳಗೆ 4 ಡಿಗ್ರಿ ಇರಬೇಕಾದ, ಎರಡೂವರೆ ಚದರ ಮೀಟರ್ ಮೈಯ ಪೆಟ್ಟಿಗೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸುತ್ತ 5 ಸೆಂಟಿಮೀಟರ್ ಪಾಲಿಯುರಿಥೇನ್ ಫೋಮ್ ಇದ್ದರೆ ಗೋಡೆಗಳ ಮೂಲಕವೇ ದಿನಕ್ಕೆ ಸುಮಾರು 840 ವ್ಯಾಟ್-ಗಂಟೆ ಶಾಖ ನುಗ್ಗುತ್ತದೆ. ಅದನ್ನು ನುಂಗಲು 9 ಕಿಲೋ ಮಂಜು ಕರಗಬೇಕು. ಫೋಮ್ 10 ಸೆಂಟಿಮೀಟರ್ ಆದರೆ ಎರಡೂ ಅರ್ಧಕ್ಕಿಳಿಯುತ್ತವೆ. ಕಾರವಾರದಿಂದ ಕೊಚ್ಚಿಗೆ ಬಂದರು ಹಿಡಿದು ಸಾಗುವವರಿಗೆ ಇಷ್ಟೇ ಸಾಕು. ಬಂದರು ಸಿಗದ ನಡುಗಡಲಿಗೆ ಸಾಲದು.

ಯಂತ್ರಗಳ ಕಾಲ ಬಂದದ್ದು ಹಂತಹಂತವಾಗಿ. ಸ್ವೀಡನ್ನಿನ ಪ್ಲಾಟೆನ್ ಮತ್ತು ಮುಂಟರ್ಸ್ 1922ರಲ್ಲಿ ರೂಪಿಸಿದ ಹೀರಿಕೆ ಮಾದರಿಯ ಫ್ರಿಜ್ ಸೀಮೆಎಣ್ಣೆ ಅಥವಾ ಗ್ಯಾಸ್ ಉರಿಯಿಂದ ನಡೆಯುತ್ತಿತ್ತು. ಆದರೆ ಅದರೊಳಗಿನ ದ್ರವ ತನ್ನ ಭಾರದಿಂದಲೇ ಹರಿಯಬೇಕು, ಹಾಗಾಗಿ ಪೆಟ್ಟಿಗೆ ಮಟ್ಟಸವಾಗಿ ನಿಲ್ಲಬೇಕು. ಗಾಳಿಗೆ ಗಂಟೆಗಟ್ಟಲೆ ಒಂದೇ ಪಕ್ಕಕ್ಕೆ ವಾಲುವ ಹಾಯಿದೋಣಿಗೆ ಅದು ಒಗ್ಗಲಿಲ್ಲ. ಆಮೇಲೆ ಎಂಜಿನ್ನಿಗೆ ಬೆಲ್ಟ್ ಹಾಕಿ ತಿರುಗಿಸುವ ಕಂಪ್ರೆಸರ್‌ಗಳು ಬಂದವು. ಅವು ಪೆಟ್ಟಿಗೆಯೊಳಗಿನ ಉಪ್ಪುನೀರಿನ ತಟ್ಟೆಯನ್ನು ಹೆಪ್ಪುಗಟ್ಟಿಸುತ್ತವೆ, ದಿನವಿಡೀ ಅದೇ ಕರಗುತ್ತ ತಂಪು ಕೊಡುತ್ತದೆ. ಬಲವಾದ ವ್ಯವಸ್ಥೆ, ಸಂದೇಹವಿಲ್ಲ. ಆದರೆ ಹಾಲು ಒಡೆಯದಿರಲೆಂದು ಬೆಳಿಗ್ಗೆ ಸಂಜೆ ಡೀಸೆಲ್ ಸುಡುವುದು, ಗಾಳಿಯನ್ನೇ ನಂಬಿ ಹೊರಟವರಿಗೆ ದೊಡ್ಡ ಕಟ್ಟುಪಾಡು.

ದಿಕ್ಕು ಬದಲಿಸಿದ್ದು 12 ವೋಲ್ಟಿನ, ಪೂರ್ತಿ ಮುಚ್ಚಿದ ಪುಟ್ಟ ಕಂಪ್ರೆಸರ್. ಡ್ಯಾನ್‌ಫಾಸ್ ಹೆಸರಿನಲ್ಲಿ ಪ್ರಸಿದ್ಧವಾಗಿ ಈಗ ಸೆಕಾಪ್ ಹೆಸರಿನಲ್ಲಿ ಬರುವ ಬಿಡಿ 35, ಬಿಡಿ 50 ಮಾದರಿಗಳು ವಿಹಾರ ದೋಣಿಗಳ ಅಡುಗೆಮೂಲೆಯಲ್ಲಿ ನೆಲೆಯೂರಿವೆ. ಒಂದು ವ್ಯಾಟ್ ವಿದ್ಯುತ್ತಿಗೆ ಒಂದೂಕಾಲು ವ್ಯಾಟ್ ಶಾಖ ಹೊರಹಾಕುತ್ತದೆ ಎಂದಿಟ್ಟುಕೊಂಡರೆ ಮೇಲಿನ ತೆಳು ಹೊದಿಕೆಯ ಪೆಟ್ಟಿಗೆಗೆ ದಿನಕ್ಕೆ 56 ಆಂಪಿಯರ್-ಗಂಟೆ ಬೇಕು, ದಪ್ಪ ಹೊದಿಕೆಯದಕ್ಕೆ 28. ನೂರು ವ್ಯಾಟಿನ ಸೌರಫಲಕ ನಾಲ್ಕು ಗಂಟೆಯ ಪೂರ್ಣ ಬಿಸಿಲಿಗೆ ಕೊಡುವುದು ಹೆಚ್ಚೆಂದರೆ 33. ಫೋಮಿಗೆ ಖರ್ಚು ಮಾಡಿದವರಿಗೆ ಒಂದು ಫಲಕ, ಉಳಿಸಿದವರಿಗೆ ಎರಡು. ಹಾಯಿಯ ನೆರಳು, ಮೋಡ, ಪದೇ ಪದೇ ತೆರೆಯುವ ಮುಚ್ಚಳ ಇವೆಲ್ಲ ಬೇರೆ. ಮುಚ್ಚಳ ಮೇಲಿದ್ದರೆ ಭಾರವಾದ ತಣ್ಣನೆ ಗಾಳಿ ಒಳಗೇ ನಿಲ್ಲುತ್ತದೆ, ಮುಂಬಾಗಿಲಾದರೆ ಕಾಲಬುಡಕ್ಕೆ ಸುರಿದುಹೋಗುತ್ತದೆ. ಶಾಖವನ್ನು ಸಮುದ್ರದ ನೀರಿಗೆ ಬಿಡುವ ವ್ಯವಸ್ಥೆ ತಂಪು ಕಡಲುಗಳಲ್ಲಿ ಚೆನ್ನ. 28–30 ಡಿಗ್ರಿಯ ಅರಬ್ಬಿ ಸಮುದ್ರದಲ್ಲಿ ಅದರ ಲಾಭ ಕುಗ್ಗುತ್ತದೆ, ತಳದ ಲೋಹಕ್ಕೆ ಚಿಪ್ಪುಜೀವಿಗಳೂ ಅಂಟುತ್ತವೆ. ಗಾಳಿ ಆಡುವ ಜಾಗ ಸಿಕ್ಕರೆ ಫ್ಯಾನ್ ಇರುವ ಸರಳ ಮಾದರಿಯೇ ಮೇಲು ಎಂಬುದು ನನ್ನ ಎಣಿಕೆ.

ಇಲ್ಲಿಯವರೆಗಿನ ಕತೆ ತಂಪು ಹುಟ್ಟಿಸುವವರದು. ಕಡಲಿನಿಂದ ದೂರದ ಮೈಸೂರು ಇದೇ ಪ್ರಶ್ನೆಗೆ ಬೇರೆ ತುದಿಯಿಂದ ಕೈಹಾಕಿತು: ತಂಪೇ ಬೇಡದ ಆಹಾರ ಸಾಧ್ಯವೇ? 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಹಣ್ಣಿಗೆ ತೆಳುವಾಗಿ ಮೇಣ ಲೇಪಿಸಿ ಬಾಡುವುದನ್ನು ನಿಧಾನಿಸುವ ವಿಧಾನವನ್ನು ಬೆಳೆಸಿತು. 1961ರಲ್ಲಿ ಸೇನೆಯ ಅಗತ್ಯಕ್ಕೆಂದೇ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಅಂದರೆ ಡಿಎಫ್‌ಆರ್‌ಎಲ್ ಇನ್ನೂ ಮುಂದೆ ಹೋಯಿತು. ಪಾಲಿಯೆಸ್ಟರ್, ಅಲ್ಯೂಮಿನಿಯಂ ಹಾಳೆ, ಪಾಲಿಪ್ರೊಪಿಲೀನ್ ಪದರಗಳ ಪೊಟ್ಟಣದಲ್ಲಿ ಅಡುಗೆ ತುಂಬಿ, ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಬೇಯಿಸಿದರೆ ಒಳಗಿನ ಸೂಕ್ಷ್ಮಾಣುಗಳು ಸಾಯುತ್ತವೆ, ಹೊರಗಿನವು ಸೇರಲಾರವು. ಫ್ರಾನ್ಸಿನ ಆಪೆರ್ 1810ರಲ್ಲಿ ಗಾಜಿನ ಶೀಶೆಯಲ್ಲಿ ಆಹಾರ ಕಾಪಿಡುವ ಬಗೆಯನ್ನು ಪ್ರಕಟಿಸಿದ್ದ. ಇಲ್ಲಿ ಅದು ಪಲಾವು, ದಾಲುಗಳಿಗೆ ಒಗ್ಗಿತು. ತಿಂಗಳುಗಟ್ಟಲೆ ಕೆಡದ ಚಪಾತಿಯೂ ಬಂತು. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಜೊತೆಗೆ ಹೋದದ್ದು ಇದೇ ಪ್ರಯೋಗಾಲಯದ ತಿನಿಸು.

ಹಾಯಿದೋಣಿಗೂ ಆ ನಂಟು ತಲುಪಿದೆ. 2024ರ ಅಕ್ಟೋಬರ್ 2ರಂದು ಗೋವಾದಿಂದ ‘ಐಎನ್‌ಎಸ್‌ವಿ ತಾರಿಣಿ’ಯಲ್ಲಿ ಹೊರಟು 2025ರ ಮೇ ಕೊನೆಗೆ ಭೂಮಿ ಸುತ್ತಿ ಮರಳಿದ ನೌಕಾಪಡೆಯ ದಿಲ್ನಾ ಮತ್ತು ರೂಪಾ ಅವರ ಯಾನಕ್ಕೆ ಆಹಾರ ಒದಗಿಸಿದ್ದು ಡಿಎಫ್‌ಆರ್‌ಎಲ್. ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ ಇಬ್ಬರೇ ದೋಣಿ ನಡೆಸುವಾಗ, ಬಿಸಿನೀರಿನಲ್ಲಿ ಅದ್ದಿ ತಿನ್ನಬಹುದಾದ ಪೊಟ್ಟಣದ ಬೆಲೆ ಯಾವ ಕಂಪ್ರೆಸರ್‌ಗೂ ಕಡಿಮೆಯಲ್ಲ. ಇದನ್ನು ಹೇಳುವಾಗ ಮೈಸೂರಿನವನಾಗಿ ನನಗೆ ಹೆಮ್ಮೆಯಿದೆ.

ಆದ್ದರಿಂದ ಪಟ್ಟಿ ಬರೆಯುವಾಗ ಊಟದ ಮುಖ್ಯ ಭಾಗವನ್ನು ಪೊಟ್ಟಣ, ಬೇಳೆ, ಹಪ್ಪಳ, ಉಪ್ಪಿನಕಾಯಿಗಳಿಗೆ ಬಿಟ್ಟು, ಮೊಸರು, ಸೊಪ್ಪು, ಹಿಡಿದ ಮೀನಿಗಷ್ಟೇ 40–50 ಲೀಟರಿನ ಪೆಟ್ಟಿಗೆ ಸಾಕೆನ್ನುತ್ತೇನೆ. ಪೊಟ್ಟಣಕ್ಕೆ ಆಗದ ಕೆಲಸವೂ ಒಂದಿದೆ: ಔಷಧ. ತೆರೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು; ಹೆಪ್ಪುಗಟ್ಟಿದರೆ ಅದು ಕೆಟ್ಟಂತೆಯೇ. ಮಧುಮೇಹಿಗಳಿರುವ ದೋಣಿಯಲ್ಲಿ ತಣ್ಣನೆ ತಟ್ಟೆಗೆ ತಾಗದ ಬೇರೆ ಗೂಡೊಂದು, ಅದರೊಳಗೆ ಥರ್ಮಾಮೀಟರ್ ಒಂದು ಇರಲೇಬೇಕು.