ಅಮೆರಿಕದ ಕೌಂಟಿ ಜೈಲು ಮತ್ತು ಅದರ ಕಾವಲಧಿಕಾರಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕೌಂಟಿಯೆಂಬ ಜಿಲ್ಲಾವಿಭಾಗದ ಷೆರಿಫನ ಕಚೇರಿಯು ಜೈಲಿನ ಕಾವಲಧಿಕಾರಿಗಳ ಹುದ್ದೆಗಾಗಿ ಹೊರಡಿಸುವ ಪ್ರಕಟಣೆಯನ್ನು ಓದಿದರೆ, ಮೇಲುನೋಟಕ್ಕೆ ಕುತೂಹಲವನ್ನು ಕೆರಳಿಸತಕ್ಕ ಅಂಶವೇನೂ ಅದರಲ್ಲಿ ಕಾಣುವುದಿಲ್ಲ. ಅಭ್ಯರ್ಥಿಯು ಇಂತಿಷ್ಟು ವಯಸ್ಸಿನವನಾಗಿರಬೇಕು, ಪ್ರೌಢಶಿಕ್ಷಣವನ್ನು ಮುಗಿಸಿರಬೇಕು, ಘೋರಾಪರಾಧಕ್ಕಾಗಿ ಶಿಕ್ಷೆ ಹೊಂದಿರಕೂಡದು, ದೇಹಪರೀಕ್ಷೆಯಲ್ಲಿಯೂ ಮನಃಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು, ನಿಯತವಾದ ತರಬೇತಿಯನ್ನು ಪೂರೈಸಬೇಕು: ಇಷ್ಟೇ. ಆದರೆ ಈ ನಿಬಂಧನೆಗಳೆಲ್ಲ ಒಂದೇ ದಿನ, ಒಬ್ಬನೇ ಶಾಸನಕರ್ತನ ವಿವೇಕದಿಂದ ಹುಟ್ಟಿದವಲ್ಲ. ಬಹುಪಾಲು ನಿಬಂಧನೆಗಳ ಹಿಂದೆ ಗತಕಾಲದ ಯಾವುದೋ ಲೋಪವೋ ಅನ್ಯಾಯವೋ ಅಡಗಿದೆ. ಬಂದಿಗಳಿಂದ ಹೊಟ್ಟೆ ಹೊರೆಯುತ್ತಿದ್ದ ಜೈಲರನು ಬಂದಿಗಳ ಪ್ರಾಣಕ್ಕೆ ಉತ್ತರವಾದಿಯಾದ ಅಧಿಕಾರಿಯಾಗಿ ಮಾರ್ಪಟ್ಟ ಬಗೆಯನ್ನು ಸ್ಥೂಲವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕ್ಷೇತ್ರದ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ನಮ್ಮಲ್ಲಿ ವಿಚಾರಣಾಧೀನರೂ ಶಿಕ್ಷಿತರೂ ರಾಜ್ಯದ ಒಂದೇ ಬಂದೀಖಾನೆ ಇಲಾಖೆಯ ಆಡಳಿತಕ್ಕೆ ಒಳಪಟ್ಟಿರುವುದರಿಂದ ಅಮೆರಿಕದಲ್ಲಿರುವ ಭೇದವು ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಅಲ್ಲಿ ದೀರ್ಘಾವಧಿಯ ಶಿಕ್ಷೆಗೆ ಗುರಿಯಾದವರು ರಾಜ್ಯದ ಕಾರಾಗೃಹಕ್ಕೆ ಹೋಗುತ್ತಾರೆ. ಕೌಂಟಿಯ ಜೈಲಿನಲ್ಲಿರತಕ್ಕವರಾದರೋ ಬಹುಮಟ್ಟಿಗೆ ವಿಚಾರಣೆಯನ್ನು ಎದುರುನೋಡುತ್ತಿರುವವರು, ಜಾಮೀನಿನ ಹಣವನ್ನು ಹೊಂದಿಸಲಾರದವರು, ಅಲ್ಪಾವಧಿಯ ಸಜೆಯವರು. ಅಲಾಸ್ಕ, ಕನೆಕ್ಟಿಕಟ್, ಡೆಲವೇರ್, ಹವಾಯಿ, ರೋಡ್ ಐಲೆಂಡ್, ವರ್ಮಾಂಟ್ ಈ ಆರು ರಾಜ್ಯಗಳಲ್ಲಿ ಎರಡೂ ಒಂದೇ ಆಡಳಿತದಲ್ಲಿವೆ. ಉಳಿದೆಡೆ ಸಾಮಾನ್ಯವಾಗಿ ಜನರಿಂದ ಚುನಾಯಿತನಾದ ಷೆರಿಫನೇ ಜೈಲಿನ ಒಡೆಯ. 2022ರಲ್ಲಿ ದೇಶದ ಸ್ಥಳೀಯ ಜೈಲುಗಳಿಗೆ ಸುಮಾರು 73 ಲಕ್ಷ ಪ್ರವೇಶಗಳಾದುವು. ಆ ವರ್ಷದ ನಡುವೆ ಎಣಿಸಿದಾಗ ಒಳಗಿದ್ದವರು ಸುಮಾರು 6.6 ಲಕ್ಷ ಮಂದಿ, ಅವರಲ್ಲಿ ಹೆಚ್ಚುಕಡಿಮೆ ನೂರಕ್ಕೆ 70 ಮಂದಿಯ ಅಪರಾಧವು ಇನ್ನೂ ಸಿದ್ಧವಾಗಿರಲಿಲ್ಲ. ಈ ನಿರಂತರ ಪ್ರವಾಹವೂ, ಒಳಗಿರುವವನು ನಿರಪರಾಧಿಯಾಗಿರಬಹುದೆಂಬ ಸಂದೇಹವೂ ಕೂಡಿ ಕೌಂಟಿ ಜೈಲಿನ ಅಧಿಕಾರಿಯ ವೃತ್ತಿಗೆ ಅದರದೇ ಆದ ಲಕ್ಷಣವನ್ನು ಕೊಟ್ಟಿವೆ.

ಈ ಸಂಸ್ಥೆಯ ಮೂಲವಿರುವುದು ಇಂಗ್ಲೆಂಡಿನಲ್ಲಿ. 1166ರಲ್ಲಿ ಎರಡನೆಯ ಹೆನ್ರಿ ದೊರೆಯು ಕ್ಲಾರೆಂಡನ್ ಎಂಬಲ್ಲಿ ಹೊರಡಿಸಿದ ಶಾಸನವು, ಜೈಲಿಲ್ಲದ ಪ್ರಾಂತಗಳಲ್ಲೆಲ್ಲ ಷೆರಿಫರು ಜೈಲನ್ನು ಕಟ್ಟಿಸಬೇಕೆಂದು ವಿಧಿಸಿತು. ಕಟ್ಟಡವನ್ನು ವಿಧಿಸಿದ ರಾಜಸತ್ತೆಯು ಕಾಯುವವನ ವೇತನದ ಮಾತನ್ನು ಮಾತ್ರ ಬಹುಕಾಲ ಎತ್ತಲಿಲ್ಲ. ಆದುದರಿಂದ ಜೈಲರನು ಬಂದಿಯಿಂದಲೇ ಶುಲ್ಕವನ್ನು ವಸೂಲು ಮಾಡಿದನು: ಒಳಗೆ ಬರುವುದಕ್ಕೆ ಶುಲ್ಕ, ಹಾಸಿಗೆಗೆ ಶುಲ್ಕ, ಬೇಡಿಯನ್ನು ಸಡಿಲಿಸುವುದಕ್ಕೆ ಶುಲ್ಕ, ಕಡೆಗೆ ಹೊರಗೆ ಹೋಗುವುದಕ್ಕೂ ಶುಲ್ಕ. 1773ರಲ್ಲಿ ಬೆಡ್‌ಫರ್ಡ್‌ಷೈರಿನ ಷೆರಿಫನಾದ ಜಾನ್ ಹೋವರ್ಡನು, ನ್ಯಾಯಸ್ಥಾನವು ನಿರ್ದೋಷಿಯೆಂದು ಬಿಟ್ಟವನನ್ನು ಕೂಡ ಶುಲ್ಕದ ಬಾಕಿಗಾಗಿ ಮತ್ತೆ ಒಳಗೆ ಕೂಡಿಹಾಕುತ್ತಿದ್ದುದನ್ನು ಕಂಡು, ಜೈಲರನಿಗೆ ಸಂಬಳವನ್ನು ಗೊತ್ತುಮಾಡಬೇಕೆಂದು ಅಲ್ಲಿಯ ಮ್ಯಾಜಿಸ್ಟ್ರೇಟರನ್ನು ಕೇಳಿದನು. ಅವರು ಪೂರ್ವನಿದರ್ಶನವನ್ನು ಬೇಡಿದರು. ಅದನ್ನು ಅರಸುತ್ತ ನೆರೆಯ ಪ್ರಾಂತಗಳಿಗೆ ಹೊರಟವನಿಗೆ ನಿದರ್ಶನವು ದೊರೆಯದೆ ಎಲ್ಲೆಲ್ಲಿಯೂ ಅದೇ ಅನ್ಯಾಯವು ಎದುರಾಯಿತು. 1777ರಲ್ಲಿ ಅವನು ಪ್ರಕಟಿಸಿದ ಸೆರೆಮನೆಗಳ ಸ್ಥಿತಿಗತಿಯ ಗ್ರಂಥವು ಆ ಅಲೆದಾಟದ ಫಲ. ಕಾವಲುಗಾರನ ಗುಣವು ಅವನ ಜೀವನೋಪಾಯವನ್ನು ಅವಲಂಬಿಸಿದೆಯೆಂಬ ತತ್ತ್ವವು ಅಂದು ಸ್ಪಷ್ಟವಾಗಿ ನಿರೂಪಿತವಾಯಿತೆಂದು ಹೇಳಬಹುದು.

ವಸಾಹತುಗಾರರೊಡನೆ ಷೆರಿಫನೂ ಶುಲ್ಕಪದ್ಧತಿಯೂ ಅಟ್ಲಾಂಟಿಕ್ ಸಾಗರವನ್ನು ದಾಟಿದುವು. ಫಿಲಡೆಲ್ಫಿಯದಲ್ಲಿ ಕ್ವೇಕರ್ ಪಂಥದವರೇ ಮೊದಲಾದ ಸಜ್ಜನರು 1787ರಲ್ಲಿ ಬಂದಿಗಳ ಕಷ್ಟನಿವಾರಣೆಗಾಗಿ ಒಂದು ಸಂಘವನ್ನು ಕಟ್ಟಿದರು. 1790ರ ಶಾಸನದಿಂದ ಅಲ್ಲಿನ ವಾಲ್ನಟ್ ಸ್ಟ್ರೀಟ್ ಜೈಲಿನ ವ್ಯವಸ್ಥೆ ಬದಲಾಯಿತು. ಅದರ ಮುಖ್ಯ ಜೈಲರನು 1793ರ ಪೀತಜ್ವರದಲ್ಲಿ ಮಡಿದಾಗ ಅವನ ಪತ್ನಿ ಮೇರಿ ವೀಡ್ ಎಂಬಾಕೆಯನ್ನೇ ಆ ಸ್ಥಾನಕ್ಕೆ ನಿಯಮಿಸಿದುದು ಗಮನಾರ್ಹ. ಮುಂದೆ ರಾಜ್ಯಗಳು ಭಾರಿ ಕಾರಾಗೃಹಗಳನ್ನು ಕಟ್ಟತೊಡಗಲು ಸುಧಾರಕರ ದೃಷ್ಟಿಯೆಲ್ಲ ಅತ್ತ ಹರಿದು, ಕೌಂಟಿಯ ಜೈಲು ಹಿಂದೆ ಉಳಿಯಿತು. ಎಷ್ಟೋ ಊರುಗಳಲ್ಲಿ ಷೆರಿಫನ ಸಂಸಾರವು ಜೈಲಿನ ಕಟ್ಟಡದಲ್ಲಿಯೇ ವಾಸಿಸುತ್ತ, ಅವನ ಹೆಂಡತಿಯು ಬಂದಿಗಳಿಗೆ ಅಡಿಗೆ ಮಾಡುತ್ತ, ಸ್ತ್ರೀಬಂದಿಗಳ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದಳು. ಊಟದ ಲೆಕ್ಕಕ್ಕೆ ತಲೆಗಿಷ್ಟೆಂದು ಬರುತ್ತಿದ್ದ ಹಣದಲ್ಲಿ ಉಳಿದುದು ಷೆರಿಫನಿಗೇ ಸಲ್ಲುವ ಪದ್ಧತಿಯು ಅಲಬಾಮದಲ್ಲಿ ನಮ್ಮ ಕಾಲದವರೆಗೂ ಜೀವಿಸಿತ್ತು. 2009ರಲ್ಲಿ ಆ ರಾಜ್ಯದ ಮಾರ್ಗನ್ ಕೌಂಟಿಯ ಷೆರಿಫನನ್ನು ಇದೇ ವಿಷಯವಾಗಿ ಫೆಡರಲ್ ನ್ಯಾಯಾಧೀಶರು ಜೈಲಿಗೆ ಕಳುಹಿಸಬೇಕಾಗಿ ಬಂತೆಂದ ಮೇಲೆ, ಹೋವರ್ಡನು ಎತ್ತಿದ ಪ್ರಶ್ನೆಯ ಆಯುಷ್ಯವನ್ನು ಊಹಿಸಿಕೊಳ್ಳಬಹುದು.

1870ರಲ್ಲಿ ಸಿನ್ಸಿನಾಟಿಯಲ್ಲಿ ನೆರೆದ ಕಾರಾಗೃಹ ಮಹಾಸಭೆಯು, ಬಂದಿಗಳನ್ನು ಆಳತಕ್ಕವರಿಗೆ ಬುದ್ಧಿ ಹೃದಯಗಳ ಸಂಸ್ಕಾರದೊಡನೆ ವಿಶೇಷ ಶಿಕ್ಷಣವೂ ಆವಶ್ಯಕವೆಂದು ಸಾರಿತು. ಘೋಷಣೆಗೂ ಆಚರಣೆಗೂ ನಡುವಣ ಅಂತರವನ್ನು ಫೆಡರಲ್ ಸರ್ಕಾರದ ಜೈಲುಪರೀಕ್ಷಕನಾಗಿದ್ದ ಜೋಸೆಫ್ ಫಿಶ್ಮನ್ನನು 1923ರ ತನ್ನ ಗ್ರಂಥದಲ್ಲಿ ತೋರಿಸಿದನು. ಕೊಳೆ, ರೋಗ, ನಿರುದ್ಯೋಗಗಳ ಜೊತೆಗೆ ಅಂದಿನ ಜೈಲುಗಳಲ್ಲಿ ಬಂದಿಗಳೇ ನಡೆಸುತ್ತಿದ್ದ ಹುಸಿನ್ಯಾಯಾಲಯಗಳೂ ಇದ್ದುವು. ಬಲಿಷ್ಠರಾದ ಬಂದಿಗಳು ಹೊಸಬನನ್ನು 'ವಿಚಾರಣೆ'ಗೆ ನಿಲ್ಲಿಸಿ, ಅವನ ಜೇಬಿನಲ್ಲಿದ್ದುದನ್ನು ದಂಡವೆಂದು ಕಿತ್ತುಕೊಳ್ಳುತ್ತಿದ್ದರು. ಕಾವಲುಗಾರನು ಹೊರಗಿನ ಬಾಗಿಲನ್ನು ಭದ್ರಪಡಿಸಿ, ಒಳಗಿನ ರಾಜ್ಯವನ್ನು ಬಲಶಾಲಿಗಳಿಗೆ ಒಪ್ಪಿಸಿಬಿಟ್ಟಿದ್ದನೆಂಬುದೇ ಇದರ ಅರ್ಥ.

ಬದಲಾವಣೆಯ ನಿಜವಾದ ಒತ್ತಡವು ಬಂದುದು 1970ರ ದಶಕದಲ್ಲಿ. 1971ರಲ್ಲಿ ನ್ಯೂಯಾರ್ಕ್ ರಾಜ್ಯದ ಆಟಿಕಾ ಕಾರಾಗೃಹದಲ್ಲಿ ನಡೆದ ದಂಗೆಯು ದೇಶವನ್ನು ತಲ್ಲಣಗೊಳಿಸಿದ ಫಲವಾಗಿ, 1974ರಲ್ಲಿ ಸಿಬ್ಬಂದಿಯ ಶಿಕ್ಷಣಕ್ಕೂ ಸಂಶೋಧನೆಗೂ ಒಂದು ರಾಷ್ಟ್ರೀಯ ಸಂಸ್ಥೆಯು ಹುಟ್ಟಿತು; ಮರುವರ್ಷ ಟೆಕ್ಸಸ್ ರಾಜ್ಯವು ಜೈಲುಗಳ ಮಾನದಂಡವನ್ನು ನಿರ್ಣಯಿಸುವ ಆಯೋಗವನ್ನು ನೇಮಿಸಿತು. ಅತ್ತ ಸುಪ್ರೀಂ ಕೋರ್ಟು ತನ್ನ ತೀರ್ಪುಗಳಿಂದ ಕರ್ತವ್ಯದ ಸ್ವರೂಪವನ್ನೇ ತಿದ್ದಿಬರೆಯಿತು. ಬಂದಿಯ ಗಂಭೀರವಾದ ಕಾಯಿಲೆಯನ್ನು ಗೊತ್ತಿದ್ದೂ ಉಪೇಕ್ಷಿಸುವುದು ಸಂವಿಧಾನವಿರುದ್ಧವಾದ ಕ್ರೌರ್ಯವೆಂದು 1976ರಲ್ಲಿಯೂ, ಅಪರಾಧವು ನಿರ್ಣಯವಾಗುವುದಕ್ಕೆ ಮುನ್ನ ಬಂದಿಯನ್ನು ಶಿಕ್ಷಿಸಕೂಡದೆಂದು 1979ರಲ್ಲಿಯೂ, ತರಬೇತಿಯ ಅಭಾವದಿಂದ ಹಕ್ಕುಗಳಿಗೆ ಚ್ಯುತಿ ಬಂದರೆ ಸ್ಥಳೀಯ ಸರ್ಕಾರವೇ ಹೊಣೆಯಾಗಬಹುದೆಂದು 1989ರಲ್ಲಿಯೂ ಅದು ತೀರ್ಮಾನಿಸಿತು. 2015ರ ತೀರ್ಪು ಇನ್ನೂ ಸೂಕ್ಷ್ಮವಾದುದು. ವಿಸ್ಕಾನ್ಸಿನ್ ರಾಜ್ಯದ ಮನ್ರೋ ಕೌಂಟಿ ಜೈಲಿನಲ್ಲಿ, ದೀಪಕ್ಕೆ ಮರೆಯಾಗಿದ್ದ ಕಾಗದವನ್ನು ತೆಗೆಯಲೊಲ್ಲದ ವಿಚಾರಣಾಧೀನನೊಬ್ಬನ ಮೇಲೆ ಅಧಿಕಾರಿಗಳು ಬಲಪ್ರಯೋಗ ಮಾಡಿದರು. ಅದು ಮಿತಿಮೀರಿತೇ ಎಂಬುದನ್ನು ಅವರ ಮನಸ್ಸಿನ ಉದ್ದೇಶದಿಂದಲ್ಲ, ಕೃತ್ಯದ ಯುಕ್ತಾಯುಕ್ತತೆಯಿಂದಲೇ ಅಳೆಯಬೇಕೆಂದು ನ್ಯಾಯಾಲಯವು ಹೇಳಿತು.

ಇದೇ ಕಾಲದಲ್ಲಿ ಕಟ್ಟಡದ ವಾಸ್ತುವೂ ಬದಲಾಯಿತು. ಹಳೆಯ ಜೈಲಿನಲ್ಲಿ ಉದ್ದವಾದ ಓಣಿಯ ಪಕ್ಕದಲ್ಲಿ ಕೋಣೆಗಳು ಸಾಲಾಗಿರುತ್ತಿದ್ದುವು. ಅಧಿಕಾರಿಯು ಗಸ್ತು ಬಂದಾಗ ಕಂಡಷ್ಟೇ ಅವನಿಗೆ ತಿಳಿಯುತ್ತಿದ್ದುದು, ಅವನು ಬೆನ್ನು ತಿರುಗಿಸಿದೊಡನೆ ಓಣಿಯು ಬಂದಿಗಳದು. 1974–75ರಲ್ಲಿ ಸ್ಯಾನ್ ಡಿಯಾಗೊ, ನ್ಯೂಯಾರ್ಕ್, ಷಿಕಾಗೊ ನಗರಗಳಲ್ಲಿ ಫೆಡರಲ್ ಸರ್ಕಾರವು ತೆರೆದ ಜೈಲುಗಳಲ್ಲಿಯೂ, ಅವುಗಳನ್ನು ಅನುಸರಿಸಿ 1981ರಲ್ಲಿ ಕ್ಯಾಲಿಫೋರ್ನಿಯದ ಕಾಂಟ್ರಾ ಕಾಸ್ಟ ಕೌಂಟಿಯು ಮಾರ್ಟಿನೆಜ್ ಪಟ್ಟಣದಲ್ಲಿ ತೆರೆದ ಜೈಲಿನಲ್ಲಿಯೂ, ಅಧಿಕಾರಿಯನ್ನು ಸರಳುಗಳ ಈಚೆಗಲ್ಲದೆ ಬಂದಿಗಳ ನಡುವಣ ಅಂಗಳದಲ್ಲಿಯೇ ನಿಲ್ಲಿಸಲಾಯಿತು. ಒಬ್ಬನೇ ಮನುಷ್ಯನು ನಲವತ್ತು ಐವತ್ತು ಜನರ ಮಧ್ಯೆ ಇಡೀ ಪಾಳಿಯನ್ನು ಕಳೆಯಬೇಕಾದಾಗ ತೋಳ್ಬಲಕ್ಕಿಂತ ಮಾತಿನ ಹದ, ಮುಖಚರ್ಯೆಯನ್ನು ಓದುವ ಜಾಣ್ಮೆ, ಕೊಟ್ಟ ಮಾತನ್ನು ನಡೆಸುವ ನಿಷ್ಪಕ್ಷಪಾತ ಇವೇ ಮುಖ್ಯವಾಗುವುವು.

ಇಂದಿನ ಅಧಿಕಾರಿಯ ಕೆಲಸವು ಬಂದಿಯ ಆಗಮನದಿಂದ ಆರಂಭವಾಗುತ್ತದೆ. ಪೊಲೀಸರು ತಂದೊಪ್ಪಿಸಿದವನ ಬಂಧನಪತ್ರವು ಕ್ರಮಬದ್ಧವಾಗಿದೆಯೆ ಎಂದು ನೋಡಿ, ಮೈಯನ್ನು ಶೋಧಿಸಿ, ಅವನ ಹಣ ಒಡವೆಗಳನ್ನು ಪಟ್ಟಿಮಾಡಿ ರುಜು ಪಡೆದು, ಬೆರಳಚ್ಚನ್ನೂ ಭಾವಚಿತ್ರವನ್ನೂ ತೆಗೆದುಕೊಂಡು, ರೋಗ, ಔಷಧಿ, ಮದ್ಯಮಾದಕಗಳ ಚಟ, ಆತ್ಮಹತ್ಯೆಯ ಯೋಚನೆ ಇವುಗಳನ್ನು ಕುರಿತು ಪ್ರಶ್ನಿಸಬೇಕು. ಬಳಿಕ ವರ್ಗೀಕರಣ: ಯಾರನ್ನು ಯಾರ ಜೊತೆಯಲ್ಲಿ ಇಡಬಹುದು, ಯಾರನ್ನು ಇಡಕೂಡದು ಎಂಬ ಈ ನಿರ್ಣಯದಲ್ಲಿ ಎಡವಿದರೆ ಒಂದು ಜೀವಕ್ಕೇ ಎರವಾಗಬಹುದು. ಆಮೇಲೆ ಪಾಳಿ ಬದಲಾಗುವಾಗಲೆಲ್ಲ ತಲೆಯೆಣಿಕೆ, ಬೀಗದಕೈಗಳ ಲೆಕ್ಕ, ಊಟ, ಔಷಧಿ, ಕಾಗದಪತ್ರ, ಭೇಟಿ, ನ್ಯಾಯಾಲಯಕ್ಕೆ ಬೆಂಗಾವಲು, ಬಿಡುಗಡೆ. ಟೆಕ್ಸಸ್ಸಿನ ನಿಯಮದಂತೆ 48 ಬಂದಿಗಳಿಗೆ ಒಬ್ಬನಾದರೂ ಅಧಿಕಾರಿಯಿರಬೇಕು. ಗಂಟೆಗೊಮ್ಮೆಯಾದರೂ ಪ್ರತಿಯೊಬ್ಬ ಬಂದಿಯನ್ನು ಪ್ರತ್ಯಕ್ಷವಾಗಿ ಕಾಣಬೇಕು. ಬುದ್ಧಿವಿಕಲರೂ ಆತ್ಮಹತ್ಯೆಯ ಶಂಕೆಯುಳ್ಳವರೂ ಇರುವೆಡೆ ಅರ್ಧ ಗಂಟೆಗೊಮ್ಮೆ. ಕಂಡುದನ್ನು ಕಂಡ ಹೊತ್ತಿನಲ್ಲಿಯೇ ದಾಖಲೆಪುಸ್ತಕದಲ್ಲಿ ಬರೆಯಬೇಕು. ಬರವಣಿಗೆಯ ಶಕ್ತಿಯು ಈ ಹುದ್ದೆಗೆ ಅಲಂಕಾರವಲ್ಲ, ಆವಶ್ಯಕತೆ. ಮುಂದೆ ಮೊಕದ್ದಮೆಯಾದಾಗ ಸಾಕ್ಷಿ ಹೇಳತಕ್ಕದ್ದು ಆ ಪುಸ್ತಕವೇ.

ಅರ್ಹತೆಗಳನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬೇಕು. ಪೂರ್ವಚರಿತ್ರೆಯ ತನಿಖೆಯು ಶುಲ್ಕವಸೂಲಿಯ ಜೈಲರನಿಗೆ ಕೊಟ್ಟ ಉತ್ತರ. ಪ್ರೌಢಶಾಲೆಯ ಪ್ರಮಾಣಪತ್ರವು ದಾಖಲೆಯ ಅಗತ್ಯಕ್ಕೆ, ಮನಃಪರೀಕ್ಷೆಯು ಬಲಪ್ರಯೋಗದ ಅಪಾಯಕ್ಕೆ. ಕೆಲವು ನಿಬಂಧನೆಗಳು ಬಿದ್ದುಹೋದುದೂ ಉಂಟು. ಅಲಬಾಮದ ಕಾರಾಗೃಹಗಳ ಕಾವಲಿಗೆ ಐದಡಿ ಎರಡಂಗುಲ ಎತ್ತರವೂ 120 ಪೌಂಡು ತೂಕವೂ ಇರಲೇಬೇಕೆಂಬ ಕಟ್ಟಳೆಯು ಸ್ತ್ರೀಯರನ್ನು ವಿನಾಕಾರಣ ಹೊರಗಿಡುತ್ತದೆಂದು ಸುಪ್ರೀಂ ಕೋರ್ಟು 1977ರಲ್ಲಿ ಅದನ್ನು ತೊಡೆದುಹಾಕಿತು. ಆದರೆ ಆ ರಾಜ್ಯದ ಪುರುಷರ ಅತಿಬಂದೋಬಸ್ತಿನ ಕಾರಾಗೃಹಗಳಲ್ಲಿ ಬಂದಿಗಳೊಡನೆ ನಿಕಟಸಂಪರ್ಕದ ಸ್ಥಾನಗಳನ್ನು ಸ್ತ್ರೀಯರಿಗೆ ನಿರಾಕರಿಸಬಹುದೆಂದೂ ಅದೇ ತೀರ್ಪು ಒಪ್ಪಿತು.

ಈಚಿನ ದಶಕಗಳಲ್ಲಿ ಹೊರೆಯು ಮತ್ತೊಂದು ದಿಕ್ಕಿನಿಂದ ಬಂದಿದೆ. ಮಾನಸಿಕ ಆಸ್ಪತ್ರೆಗಳು ಮುಚ್ಚುತ್ತ ಬಂದಂತೆ ರೋಗಿಗಳು ಜೈಲಿನ ಪಾಲಾದರು. ಷಿಕಾಗೊದ ಕುಕ್ ಕೌಂಟಿ ಜೈಲಿಗೆ 2015ರಲ್ಲಿ ಮನೋವಿಜ್ಞಾನಿಯೊಬ್ಬರನ್ನೇ ಮುಖ್ಯಸ್ಥರನ್ನಾಗಿ ನೇಮಿಸಿದುದು ಇದರ ಸೂಚನೆ. ಅದೇ ವರ್ಷ ಟೆಕ್ಸಸ್ಸಿನ ವಾಲರ್ ಕೌಂಟಿ ಜೈಲಿನಲ್ಲಿ, ರಸ್ತೆಸಂಚಾರದ ಸಣ್ಣ ತಪ್ಪಿನಿಂದ ಮೊದಲಾದ ಪ್ರಕರಣದಲ್ಲಿ ಬಂಧಿತಳಾದ ಸಾಂಡ್ರ ಬ್ಲ್ಯಾಂಡ್ ಎಂಬ ಯುವತಿಯು ಮೂರು ದಿನಗಳ ಅನಂತರ ಮೃತಳಾಗಿ ಕಂಡುಬಂದಳು. ಅವಳ ಹೆಸರಿನಲ್ಲಿಯೇ 2017ರಲ್ಲಿ ಆದ ಶಾಸನವು ಜೈಲು ಅಧಿಕಾರಿಗಳಿಗೆ ಮಾನಸಿಕ ಆರೋಗ್ಯದ ತರಬೇತಿಯನ್ನು ಕಡ್ಡಾಯಗೊಳಿಸಿತು. ಹಿಂದೆ ಹೇಳಿದ ಕ್ರಮವೇ ಇಲ್ಲಿಯೂ: ಮೊದಲು ಮರಣ, ಅನಂತರ ನಿಯಮ.

ಈ ಇತಿಹಾಸದಿಂದ ಒಂದು ವೈಷಮ್ಯವು ಎದ್ದು ಕಾಣುತ್ತದೆ. ಕರ್ತವ್ಯವನ್ನು ವಿಸ್ತರಿಸುತ್ತ ಬಂದವರು ನ್ಯಾಯಾಧೀಶರು. ಅರ್ಹತೆಯನ್ನೂ ವೇತನವನ್ನೂ ಗೊತ್ತುಮಾಡತಕ್ಕವರು ಶಾಸನಸಭೆಗಳು ಮತ್ತು ಕೌಂಟಿಗಳು. ಫ್ಲಾರಿಡದಲ್ಲಿ ಬೀದಿಯ ಪೊಲೀಸಿನವನಿಗೆ 19 ತುಂಬಿರಬೇಕು, ಜೈಲಿನ ಅಧಿಕಾರಿಗೆ 18 ತುಂಬಿದ್ದರೆ ಸಾಕು. ಅನೇಕ ಷೆರಿಫರ ಕಚೇರಿಗಳಲ್ಲಿ ಜೈಲಿನ ಕೆಲಸವು ಗಸ್ತಿನ ಕೆಲಸಕ್ಕೆ ಬಡ್ತಿ ಪಡೆಯುವವರೆಗಿನ ಮೆಟ್ಟಿಲಾಗಿಯೇ ಎಣಿಸಲ್ಪಡುತ್ತದೆ. ವೈದ್ಯನಿಗೆ ಮೊದಲು ರೋಗವನ್ನು ಕಾಣಬೇಕಾದವನೂ, ನ್ಯಾಯಾಧೀಶನಿಗೆ ಮೊದಲು ನಿರಪರಾಧಿಯನ್ನು ಮನುಷ್ಯನಂತೆ ನಡೆಸಿಕೊಳ್ಳಬೇಕಾದವನೂ ಇವನೇ ಆಗಿರುವಾಗ, ಇವನ ಆಯ್ಕೆಯಲ್ಲಿ ಮಾಡುವ ಮಿತವ್ಯಯವು ಮಿತವ್ಯಯವೇ ಅಲ್ಲ. ಸಂಬಳದಲ್ಲಿ ಉಳಿಸಿದುದನ್ನು ಕೌಂಟಿಯು ಪರಿಹಾರದ್ರವ್ಯವಾಗಿ ತೆರಬೇಕಾಗುತ್ತದೆ, ಮತ್ತು ಅದಕ್ಕೂ ಮುಂಚೆ ಆ ಬೆಲೆಯನ್ನು, ವಿಚಾರಣೆಯ ದಿನವನ್ನು ಇನ್ನೂ ಕಾಣದ ಯಾವನೋ ಒಬ್ಬನು ತೆತ್ತಿರುತ್ತಾನೆ.